ಇಲ್ಲಿ ಮಳೆ ಜೋರು

ನಮ್ಮ ಮದುವೆ ಆದದ್ದು 1996ರ ಮೇ ತಿಂಗಳಲ್ಲಿ. ಎರಡು ತಿಂಗಳು ಕಳೆಯುವಷ್ಟರಲ್ಲಿ ಆಟಿ ಬಂತು. ಅಪ್ಪ ಬಂದು ನನ್ನನ್ನು ವೇಣೂರಿನ ತವರಿಗೆ ಕರೆದುಕೊಂಡು ಹೋದರು. ಹೊಸ ಮದುಮಗಳು ಮೊದಲ ಆಟಿಯನ್ನು ತವರಿನಲ್ಲಿ ಕಳೆಯಬೇಕು ಎಂಬುದು ನಮ್ಮ ಕಡೆಯ ಕ್ರಮ. ತುಳುವಿನಲ್ಲಿ ಆಟಿ ಕುಲ್ಲುನು ಎನ್ನುತ್ತಾರೆ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆ ತಿಂಗಳಲ್ಲಿ ಹಿಂದೆ ಮನೆಮನೆಯಲ್ಲೂ ಅಕ್ಕಿಗೆ ತತ್ವಾರ. ಹೊಸದಾಗಿ ಬಂದ ಹುಡುಗಿ ಅರೆಹೊಟ್ಟೆಯಲ್ಲಿ ಇರುವುದು ಬೇಡ ಎಂದು ಹಿರಿಯರು ಮಾಡಿಟ್ಟ ಏರ್ಪಾಡು ಎಂದು ಅಜ್ಜಿ ಹೇಳುತ್ತಿದ್ದರು.

ಆ ತಿಂಗಳಲ್ಲಿ ಇವರಿಂದ ಒಂದೇ ಒಂದು ಇನ್‌ಲ್ಯಾಂಡ್ ಲೆಟರ್ ಬಂದಿತ್ತು. ದನ ಕರು ಹಾಕಿದ್ದು, ಅಡಿಕೆಗೆ ಕೊಳೆರೋಗ ಹಿಡಿದದ್ದು, ಹೊಳೆಯ ನೀರು ಕೆಳಗಿನ ತೋಟದ ತನಕ ಏರಿದ್ದು, ಎಲ್ಲ ಬರೆದು ಕೊನೆಗೆ ಒಂದು ಸಾಲು: ‘ಇಲ್ಲಿ ಮಳೆ ಜೋರು.’ ನಾನು ಆ ಸಾಲನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಮಾತು ಕಮ್ಮಿಯ ಮನುಷ್ಯ ಅದಕ್ಕಿಂತ ಹೆಚ್ಚು ಏನು ಬರೆಯಬೇಕು? ಪತ್ರ ಇಂದಿಗೂ ನನ್ನ ಸೀರೆಗಳ ಅಡಿಯಲ್ಲಿ ಉಂಟು.

ಕಳೆದ ಆಟಿಯಲ್ಲಿ ಬೆಂಗಳೂರಿನಿಂದ ಮಗಳು ಫೋನು ಮಾಡಿ, ‘ಅಮ್ಮ, ದಿಡುಪೆಯ ಹತ್ತಿರ ಒಂದು ಒಳ್ಳೆಯ ರೆಸಾರ್ಟಿನಲ್ಲಿ ನಿಮ್ಮಿಬ್ಬರಿಗೆ ರೂಮು ಮಾಡಿದ್ದೇನೆ, ಎರಡು ದಿನ ಹೋಗಿ ಬನ್ನಿ’ ಎಂದಳು. ಬಂಟ್ವಾಳದ ತೋಟದಲ್ಲಿ ಇರುವ ನಮಗೆ ಬೆಳ್ತಂಗಡಿಯ ತೋಟದಲ್ಲಿ ಎಂತ ನೋಡುವುದು ಎಂದು ಮೊದಲು ಅನಿಸಿತು. ಅದೇ ಅಡಿಕೆ, ಅದೇ ಮಳೆ. ಆದರೂ ಅಡಿಕೆಗೆ ಎರಡನೆಯ ಸಲದ ಮದ್ದು ಬಿಟ್ಟು ಮುಗಿದ ಮರುದಿನ ಇಬ್ಬರೂ ಹೊರಟೆವು. ಪುಂಜಾಲಕಟ್ಟೆ, ಮಡಂತ್ಯಾರು ದಾಟಿ ಗುರುವಾಯನಕೆರೆಗೆ ಬರುವಾಗ ಮೋಡ ಒಮ್ಮೆ ಸರಿದು ಗಡಾಯಿಕಲ್ಲು ಕಾಣಿಸಿತು. ಟಿಪ್ಪು ಅದರ ನೆತ್ತಿಯಲ್ಲಿ 1794ರಲ್ಲಿ ಕೋಟೆ ಕಟ್ಟಿಸಿ ತಾಯಿಯ ನೆನಪಿಗೆ ಜಮಲಾಬಾದ್ ಎಂದು ಹೆಸರಿಟ್ಟ. ನಮಗೆ ಮಾತ್ರ ಅದು ಗಡಾಯಿಕಲ್ಲೇ. ಮದುವೆಯಾದ ಹೊಸತರಲ್ಲಿ ತವರಿಗೆ ಹೋಗುವ ಬಸ್ಸಿನಿಂದ ಈ ಕಲ್ಲು ಕಂಡರೆ ಮನೆ ಹತ್ತಿರ ಬಂತು ಎಂದು ಮನಸ್ಸು ಹಗುರವಾಗುತ್ತಿತ್ತು.

ಕುದುರೆಮುಖದ ಬೆಟ್ಟಗಳ ಬುಡದಲ್ಲಿ ಆ ರೆಸಾರ್ಟಿನ ಮನೆ. ಕಾವಿ ನೆಲ, ಹಂಚಿನ ಮಾಡು, ಯಾವುದೋ ಹಳೆಯ ಗುತ್ತಿನ ಮನೆಯಿಂದ ತಂದು ನಿಲ್ಲಿಸಿದ ಹಲಸಿನ ಮರದ ಕಂಬಗಳು. ಕೋಣೆಯಲ್ಲಿ ಟಿ.ವಿ. ಇರಲಿಲ್ಲ. ಯಾರು ಹಾಗೆ ಯೋಚಿಸಿದರೋ ಅವರಿಗೆ ಪುಣ್ಯ ಬರಲಿ. ಜಗಲಿಯ ಎದುರಿಗೇ ತೊರೆ. ಈ ಬೆಟ್ಟಗಳಿಂದ ಇಳಿಯುವ ಇಂಥ ನೂರು ತೊರೆಗಳು ಸೇರಿಯೇ ನೇತ್ರಾವತಿ ನಮ್ಮ ಊರಿಗೆ ಬರುವುದು. ಅತ್ತೆ ಇದ್ದಾಗ 1974ರ ನೆರೆಯ ಕತೆ ಹೇಳುತ್ತಿದ್ದರು, 1923ರ ಮಾರಿ ಬೊಳ್ಳ ಎಂಬ ನೆರೆಯ ಕತೆ ಅವರು ತಮ್ಮ ಅತ್ತೆಯ ಬಾಯಿಂದ ಕೇಳಿದ್ದು. ನಮ್ಮ ಮನೆಯ ಹೆಂಗಸರಿಗೆ ಹೊಳೆ ಎಂದರೆ ರಾತ್ರಿ ಎದ್ದು ಟಾರ್ಚು ಬಿಟ್ಟು ನೋಡುವ ವಸ್ತು. ಇಲ್ಲಿ ಅದು ಮೊಣಕಾಲುದ್ದದ ನೀರು, ಕಲ್ಲಿನಿಂದ ಕಲ್ಲಿಗೆ ಹಾರುತ್ತಿತ್ತು. ಹಾಗೆಂದು ಮೈಮರೆಯುವ ಜಾಗವಲ್ಲ. 2019ರ ಆಗಸ್ಟಿನಲ್ಲಿ ಗುಡ್ಡ ಜರಿದು ಮೃತ್ಯುಂಜಯ ಹೊಳೆ ಮರಳು, ಮರದ ದಿಮ್ಮಿ ಹೊತ್ತು ತಂದು ಚಾರ್ಮಾಡಿ ಕಡೆಯ ತೋಟಗಳನ್ನು ಮುಚ್ಚಿತ್ತಲ್ಲ. ಹತ್ತಿರದ ಜಲಪಾತದ ಬುಡಕ್ಕೆ ಹೋಗಬಾರದು ಎಂದು ಅಲ್ಲಿಯವರು ಹೇಳಿದಾಗ ನಾವು ಮರುಮಾತಾಡಲಿಲ್ಲ.

ಸಂಜೆ ಜಗಲಿಯಲ್ಲಿ ಕುಳಿತಿದ್ದೆವು. ಇವರು ಕೈಯನ್ನು ಕುರ್ಚಿಯ ತೋಳಿನ ಮೇಲೆ ಇಟ್ಟಿದ್ದರು. ಉಗುರಿನ ಸುತ್ತ ನೀಲಿ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಕೊಳೆರೋಗಕ್ಕೆ ಬಿಡುವ ಈ ಬೋರ್ಡೋ ಮದ್ದು ಕಲಸುವುದನ್ನು ಇವರು ಈವರೆಗೆ ಇನ್ನೊಬ್ಬರಿಗೆ ಬಿಟ್ಟವರಲ್ಲ. ಎಷ್ಟು ಸಾಬೂನು ಹಾಕಿದರೂ ಆಟಿ ಮುಗಿಯುವ ತನಕ ಆ ಬಣ್ಣ ಹೋಗುವುದಿಲ್ಲ. ಬೆರಳಿನ ಸಂದಿಯಲ್ಲಿ ಸುಣ್ಣ ತಿಂದು ಚರ್ಮ ಬಿರಿದಿತ್ತು. ಇಷ್ಟು ವರ್ಷ ಆ ಕೈಗೆ ಊಟ ಬಡಿಸಿದ್ದೇನೆ, ಆ ಬಿರುಕು ನೋಡಿದ್ದು ಅಂದೇ. ಮನೆಯಲ್ಲಿ ಇಬ್ಬರೂ ಒಟ್ಟಿಗೆ ಸುಮ್ಮನೆ ಕುಳಿತ ಹೊತ್ತು ಯಾವುದಿತ್ತು? ಪರ್ಸಿನಲ್ಲಿದ್ದ ಕೊಬ್ಬರಿ ಎಣ್ಣೆಯ ಬಾಟಲಿ ತೆಗೆದು ಹಚ್ಚಿದೆ. ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಆಚೆ ಕೋಣೆಯಲ್ಲಿ ಮದುವೆಯಾಗಿ ತಿಂಗಳಾಗದ ಜೋಡಿಯೊಂದು ಇತ್ತು, ಅವರಿದ್ದಾರೆ ಎಂದು ಸಂಕೋಚವೂ ಪಡಲಿಲ್ಲ. ಮಳೆ ಹಂಚಿನ ಮೇಲೆ ಹೊಡೆಯತೊಡಗಿತು.

‘ಮಳೆ ಜೋರುಂಟು ಮಾರಾಯ್ತಿ’ ಎಂದರು. 

ಪತ್ರದ ನೆನಪು ಇವರಿಗೆ ಇತ್ತೋ ಇಲ್ಲವೋ, ನಾನು ಕೇಳಲಿಲ್ಲ. ಕಪ್ಪೆ, ಜೀರುಂಡೆ, ತೊರೆ, ಮಾಡಿನ ನೀರು ಎಲ್ಲ ಸೇರಿ ಎಷ್ಟು ಸದ್ದು ಎಂದರೆ ಮಾತಾಡಬೇಕಾದರೆ ಒಬ್ಬರ ಹತ್ತಿರ ಒಬ್ಬರು ಬಾಗಬೇಕಿತ್ತು.

ಬೆಳಿಗ್ಗೆ ತಿಂಡಿಗೆ ನೀರುದೋಸೆ, ಕಾಯಿಬೆಲ್ಲ. ನೀರುದೋಸೆ ಕಾವಲಿಯಿಂದ ಎಬ್ಬಿಸಿದ ಕೂಡಲೇ ತಿನ್ನಬೇಕು. ನಾಲ್ಕು ಮಡಿಕೆಯ ನಡುವೆ ಇನ್ನೂ ಹಬೆ ಇರಬೇಕು, ಬೆರಳಿಗೆ ಬಿಸಿ ತಾಗಬೇಕು. ಅದನ್ನು ಮಾಡುವವಳಿಗೆ ಆ ಭಾಗ್ಯವಿಲ್ಲ. ಎಲ್ಲರದ್ದೂ ಆಗಿ ಅವಳು ಕೂರುವಾಗ ದೋಸೆ ಒಂದಕ್ಕೊಂದು ಅಂಟಿ ತಣ್ಣಗೆ ಬಿದ್ದಿರುತ್ತದೆ. ಅಂದು ಅಡುಗೆಯ ಹೆಂಗಸು ಒಂದೊಂದಾಗಿ ತಂದು ನನ್ನ ತಟ್ಟೆಗೆ ಹಾಕಿದಳು. ಎಂಟು ತಿಂದೆ. ಐಷಾರಾಮ ಎಂದು ಜನ ಯಾವುದನ್ನು ಹೇಳುತ್ತಾರೋ, ನನಗಂತೂ ಅದೇ. ಏಳುವಾಗ ಅಡುಗೆಮನೆಗೆ ಹೋಗಿ ಅವಳಿಗೆ, ‘ಇನ್ನು ನೀನು ಕೂರು ತಂಗಿ, ಬಿಸಿ ಇರುವಾಗಲೇ ತಿನ್ನು’ ಎಂದು ಸೌಟು ತೆಗೆದುಕೊಂಡು ನಾಲ್ಕು ಹುಯ್ದು ಕೊಟ್ಟೆ.

ಬರುವಾಗ ವೇಣೂರಿನ ದಾರಿ ಹಿಡಿದೆವು. 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ 35 ಅಡಿಯ ಗೊಮ್ಮಟ ಮಳೆಯಲ್ಲಿ ಮಿಂದು ಕಪ್ಪಾಗಿ ಹೊಳೆಯುತ್ತಿದ್ದ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಒಂದು ಗಂಟೆ ಕುಳಿತೆವು. 1430ರ ಕಟ್ಟೋಣ. ಒಂದು ಕಂಬದಂತೆ ಇನ್ನೊಂದಿಲ್ಲ. ಭರತೇಶ ವೈಭವ ಬರೆದ ರತ್ನಾಕರವರ್ಣಿ ಇದೇ ಮೂಡುಬಿದಿರೆಯವನು. ವೈರಾಗ್ಯದ ಕಾವ್ಯವನ್ನು ಆತ ಶುರುಮಾಡಿದ್ದು ಭೋಗವಿಜಯದಿಂದ. ಸಂಸಾರದ ಸುಖವನ್ನು ಕೀಳು ಮಾಡದ ಆ ದೊಡ್ಡ ಮನಸ್ಸು ನನಗೆ ಬಲು ಇಷ್ಟ. ಇವರು ಕಂಬಗಳ ಕೆತ್ತನೆಯನ್ನು ಒಂದೊಂದಾಗಿ ನೋಡುತ್ತಾ ಹೋಗಿ, ಅಷ್ಟು ದೂರದಿಂದ ‘ಇಲ್ಲಿ ಬಾ, ಇದನ್ನು ನೋಡು’ ಎಂದು ಕರೆದರು. ಮಕ್ಕಳ ಹಾಗೆ.

ಸಿದ್ಧಕಟ್ಟೆ ದಾಟುವಾಗ ಕತ್ತಲಾಗಿತ್ತು. ಮನೆಯ ತಡಮೆಯ ಹತ್ತಿರ ಕಾರು ನಿಂತಿತು. ನಾಯಿ ಗುರುತು ಹಿಡಿದು ಕೂಗಿತು, ಹಟ್ಟಿಯಲ್ಲಿ ದನವೂ ಕೂಗಿತು. ನಾನು ಬಾಗಿಲಿಗೆ ಕೈ ಹಾಕಿದೆ.

‘ಒಂದು ಮಳೆ ಬಿಡಲಿ, ಆಮೇಲೆ ಇಳಿಯುವ’ ಎಂದರು ಇವರು.

ಆಟಿಯ ಮಳೆ ಅಷ್ಟು ಬೇಗ ಬಿಡುವುದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ನಾನು ಕೈ ತೆಗೆದು ಸೀಟಿಗೆ ಒರಗಿದೆ.