ಬೆಂಗಳೂರಿಗೆ ಹೋಗಿಬರುತ್ತಿದ್ದ ಕಾಲ

ಎಂಬತ್ತರ ದಶಕದ ಕೊನೆಯಲ್ಲಿ ಯಲಹಂಕ ಉಪನಗರದ ನಾವು ಮೆಜೆಸ್ಟಿಕ್ಕಿಗೆ ಹೊರಟರೂ ಪಕ್ಕದ ಮನೆಗೆ ಬೀಗದ ಕೈ ಕೊಟ್ಟು ‘ಬೆಂಗಳೂರಿಗೆ ಹೋಗಿ ಬರ್ತೀವಿ’ ಅನ್ನುತ್ತಿದ್ದೆವು. ದೂರ 15 ಕಿ.ಮೀ. ಆಸುಪಾಸು, ಅಷ್ಟೇ. ಆದರೆ ಹೆಬ್ಬಾಳ ದಾಟಿದರೆ ಕತ್ತಲು, ಅಲ್ಲಲ್ಲಿ ದ್ರಾಕ್ಷಿ ತೋಟ. ಕೊನೆಯ ಬಿಟಿಎಸ್ ಬಸ್ಸು ತಪ್ಪಿದರೆ ಆ ರಾತ್ರಿ ನೆಂಟರ ಮನೆಯೇ ಗತಿ.

ಹಳೇ ಯಲಹಂಕದ ಪೇಟೆಯ ಹಿರಿಯರಿಗೆ ನಮ್ಮ ಈ ಬೆಂಗಳೂರಿನ ಹುಚ್ಚು ತಮಾಷೆಯಾಗಿ ಕಾಣುತ್ತಿತ್ತು. ‘ಆ ಬೆಂಗಳೂರು ಕಟ್ಟಿದ್ದೇ ನಮ್ಮೂರ ಗೌಡ್ರು ಕಣ್ರೀ’ ಅನ್ನುತ್ತಿದ್ದರು. ಸುಳ್ಳೇನಲ್ಲ. ಯಲಹಂಕ ನಾಡಪ್ರಭು ಕೆಂಪೇಗೌಡರು 1537ರಲ್ಲಿ ಇಲ್ಲಿಂದ ಹೋಗಿ ಬೆಂಗಳೂರಿನ ಮಣ್ಣಿನ ಕೋಟೆ ಕಟ್ಟಿಸಿದ್ದು. ಅಂದರೆ ಬೆಂಗಳೂರಿಗೆ ಯಲಹಂಕ ತವರುಮನೆ. ತವರಿನ ಆಸ್ತಿಯನ್ನೆಲ್ಲ ಮಗಳು ಮುಂದೆ ತನ್ನ ಹೆಸರಿಗೇ ಬರೆಸಿಕೊಂಡಳು, ಆ ಮಾತು ಆಮೇಲೆ.

ಉಪನಗರ ಕಟ್ಟಿದ್ದು ಹೌಸಿಂಗ್ ಬೋರ್ಡು. ಎಲ್‌ಐಜಿ, ಎಂಐಜಿ, ಎಚ್‌ಐಜಿ ಎಂದು ಸಂಬಳದ ಲೆಕ್ಕದಲ್ಲಿ ಮನೆಗಳು, ಒಂದೊಂದು ಸಾಲಿನಲ್ಲೂ ಎಲ್ಲ ಒಂದೇ ಅಚ್ಚು. ರಾತ್ರಿ ಪಾಳಿ ಮುಗಿಸಿ ಬಂದವರೊಬ್ಬರು ಕರೆಂಟು ಹೋಗಿದ್ದಾಗ ಮೂರು ಮನೆ ಆಚೆಯ ಬಾಗಿಲು ತಟ್ಟಿ, ಆ ಮನೆಯ ಅಜ್ಜಿಯಿಂದ ‘ಯಾವನೋ ಅವನು’ ಅಂತ ಬೈಸಿಕೊಂಡಿದ್ದರು. ಮಾರನೇ ದಿನ ಆ ಅಜ್ಜಿಯೇ ಕರೆದು ಕಾಫಿ ಕೊಟ್ಟರು.

ಪಾಳಿ ಎಂದರೆ ‘ವೀಲ್ ಅಂಡ್ ಆಕ್ಸಲ್’ ಕಾರ್ಖಾನೆಯದು. 1984ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯಾದ ಅದು ಈಗ ರೈಲು ಗಾಲಿ ಕಾರ್ಖಾನೆ. ರೈಲ್ವೆಯದೇ ಹಳೇ ಗುಜರಿಯನ್ನು ಕುಲುಮೆಯಲ್ಲಿ ಕರಗಿಸಿ ಹೊಸ ಗಾಲಿ ಎರಕ ಹೊಯ್ಯುತ್ತಾರೆ. ಅದರ ನೌಕರರು, ವಾಯುನೆಲೆಯವರು, ಸಿಆರ್‌ಪಿಎಫ್‌ನವರು, ಮದರ್ ಡೈರಿಯವರು ಸೇರಿ ಬೀದಿಗೊಂದು ಭಾರತವಾಗಿತ್ತು. ಯಾರಿಗೂ ಇದು ಹುಟ್ಟೂರಲ್ಲ. ಅದಕ್ಕೇ ಇರಬೇಕು, ಗಣೇಶನನ್ನು ಕೂರಿಸುವಾಗ ಚಂದಾ ಪುಸ್ತಕ ಹಿಡಿದವನು ಒರಿಯಾ, ಚಿತ್ರಾನ್ನ ಕಲಸಿದವರು ಮಲಯಾಳಿ ಆಂಟಿ. ನವೆಂಬರ್ ಬಂತೆಂದರೆ ಬಾವುಟ, ಆರ್ಕೆಸ್ಟ್ರಾ. ರಾಜ್‌ಕುಮಾರ್ ಹಾಡಿಗೆ ಎಲ್ಲರಿಗಿಂತ ಜೋರಾಗಿ ಕುಣಿದವರು ಮನೆಯಲ್ಲಿ ತಮಿಳು ಮಾತಾಡುವ ಹುಡುಗರೇ. ಯಾರು ಹೊರಗಿನವರು ಎಂಬ ಪ್ರಶ್ನೆ ಅಲ್ಲಿ ಏಳುತ್ತಿರಲಿಲ್ಲ, ಎಲ್ಲರೂ ಹೊರಗಿನವರೇ.

ಸ್ಟೇಷನ್ನಿನಲ್ಲಿ ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ಸಣ್ಣ ರೈಲು ನಿಲ್ಲುತ್ತಿತ್ತು. ನ್ಯಾರೋಗೇಜ್. ಅದರ ಓಟಕ್ಕೆ ಓಟ ಎನ್ನುವುದೇ ಹೆಚ್ಚು. ದೇವನಹಳ್ಳಿ ಚಕ್ಕೋತ, ಸೊಪ್ಪು, ಹೂವಿನ ಮಂಕರಿ ಹೊತ್ತವರೆಲ್ಲ ಅದರಲ್ಲೇ ಬರುತ್ತಿದ್ದರು. ತೊಂಬತ್ತರ ದಶಕದಲ್ಲಿ ಚಿಕ್ಕಬಳ್ಳಾಪುರದವರೆಗಿನ ದಾರಿಗೆ ಬ್ರಾಡ್‌ಗೇಜ್ ಬಂತು, ಮಂಕರಿಗಳು ಲಾರಿ ಹತ್ತಿದವು.

1996ರಲ್ಲಿ ವಾಯುನೆಲೆಯಲ್ಲಿ ಮೊದಲ ಏರೋ ಇಂಡಿಯಾ. ಪಾಸು ಯಾರಿಗೆ ಬೇಕಿತ್ತು? ನಮಗೆ ತಾರಸಿ ಇತ್ತು. ಮೊರದಲ್ಲಿ ಹಪ್ಪಳ ಒಣಗಿಸುತ್ತಿದ್ದ ಜಾಗದಲ್ಲೇ ಚಾಪೆ ಹಾಸಿ, ಬೆಂಗಳೂರಿನಿಂದ ಬಂದ ನೆಂಟರಿಗೂ ಉಪ್ಪಿಟ್ಟು ಮಾಡಿ ಹಾಕಿ, ಆಕಾಶ ನೋಡಿದೆವು. ಆ ಒಂದು ವಾರ ಬೆಂಗಳೂರಿನವರೇ ನಮ್ಮನ್ನು ಹುಡುಕಿಕೊಂಡು ಬಂದರು.

ಆ ಕಾಲವೇ ಚೆನ್ನಾಗಿತ್ತು ಎಂದು ಪೂರ್ತಿ ಹೇಳಲಾರೆ. ಬೋರ್‌ವೆಲ್ ಕೈಕೊಟ್ಟರೆ ಟ್ಯಾಂಕರ್ ಹಿಂದೆ ಕೊಡ ಹಿಡಿದು ಓಡಿದ್ದೂ ನೆನಪಿದೆ. ಆದರೆ ನಮ್ಮೂರಿಗೆ ನಮ್ಮದೇ ನಗರಸಭೆ ಇತ್ತು, ಜಗಳಕ್ಕೆ ನಡೆದುಕೊಂಡು ಹೋಗುವಷ್ಟು ಹತ್ತಿರ. 2007ರಲ್ಲಿ ಅದು ಬಿಬಿಎಂಪಿಯೊಳಗೆ ಸೇರಿತು. ಮರುವರ್ಷ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ನಮ್ಮ ಊರು ಜನರ ಬಾಯಲ್ಲಿ ‘ಏರ್‌ಪೋರ್ಟ್ ದಾರಿ’ಯಾಯಿತು. 2025ರಿಂದ ಬಿಬಿಎಂಪಿಯೂ ಇಲ್ಲ, ನಾವೀಗ ಬೆಂಗಳೂರು ಉತ್ತರ ನಗರ ಪಾಲಿಕೆಯವರು.

ಹೌಸಿಂಗ್ ಬೋರ್ಡಿನ ಒಂದಂತಸ್ತಿನ ಮನೆಗಳನ್ನು ಒಂದೊಂದಾಗಿ ಒಡೆದು ಬಾಡಿಗೆ ಮಹಡಿಗಳನ್ನು ಏರಿಸುತ್ತಿದ್ದಾರೆ. ಕಾಂಪೌಂಡಿನ ಮುಂದೆ ನಿಂತು ತೆಗೆಸಿಕೊಂಡ ಹಳೇ ಫೋಟೊ ನಿಮ್ಮ ಆಲ್ಬಮ್ಮಿನಲ್ಲಿದ್ದರೆ, ಹಿಂಬದಿಯಲ್ಲಿ ಇಸವಿಯನ್ನೂ ನಿಂತವರ ಹೆಸರನ್ನೂ ಈಗಲೇ ಬರೆದಿಡಿ.