ಮಿಡತೆಯ ಕುಪ್ಪಳಿಕೆ

ಜಪಾನಿನ ಸ್ಕ್ರೂ ಮಹಾ ಸ್ವಾಭಿಮಾನಿ. ತಲೆಯ ಮೇಲಿನ ಅಧಿಕ ಚಿಹ್ನೆ ನೋಡಿದರೆ ನಮ್ಮ ಮನೆಯ ಫಿಲಿಪ್ಸ್ ಸ್ಕ್ರೂಡ್ರೈವರಿಗೆ ಹೇಳಿ ಮಾಡಿಸಿದ್ದೇ ಅನ್ನಿಸುತ್ತದೆ. ಆದರೆ ಅದು ಜೆಐಎಸ್ ಎಂಬ ಜಪಾನೀ ಮಾನದಂಡದ್ದು; ಫಿಲಿಪ್ಸಿನ ಮೂತಿ ಅಲ್ಲಿ ಸರಿಯಾಗಿ ಕೂರುವುದಿಲ್ಲ. ಬಲ ಹಾಕಿದರೆ ಡ್ರೈವರ್ ಜಾರುತ್ತದೆ, ಸ್ಕ್ರೂವಿನ ತಲೆ ಸವೆದು ಬೋಳಾಗುತ್ತದೆ. ಆಮೇಲೆ ಅದನ್ನು ಬ್ರಹ್ಮ ಬಂದರೂ ಬಿಚ್ಚಲಾರ. ಜಪಾನಿನ ತಮಿಯಾ ಕಂಪನಿಯ ಹಳೆಯ ಆಟಿಕೆ ಕಾರನ್ನು ಬಿಚ್ಚಲು ಕೂತವರು ಮೊದಲು ಕೊಳ್ಳಬೇಕಾದದ್ದು ಬಿಡಿಭಾಗವನ್ನಲ್ಲ, ತಕ್ಕ ಸ್ಕ್ರೂಡ್ರೈವರನ್ನು.

ನನ್ನ ಮೇಜಿನ ಮೇಲಿರುವುದು ಮಿಡತೆ, ಅಂದರೆ ‘ಗ್ರಾಸ್‌ಹಾಪರ್’. ಶಿಜುಒಕಾ ಊರಿನ ತಮಿಯಾ ಕಂಪನಿ 1984ರಲ್ಲಿ ಹೊರತಂದ ರೇಡಿಯೋದಿಂದ ಓಡಿಸುವ ಬಗ್ಗಿ ಕಾರು, ನಿಜ ಗಾತ್ರದ ಹತ್ತನೇ ಒಂದು ಅಳತೆಯದು. ಗಲ್ಫಿನಲ್ಲಿದ್ದ ಸೋದರಮಾವ ರಜೆಗೆ ಬರುವಾಗ ಸೆಂಟು, ಟೇಪ್‌ರೆಕಾರ್ಡರ್, ಸೀರೆಗಳ ನಡುವೆ ಇದರ ಪೆಟ್ಟಿಗೆಯನ್ನೂ ತುರುಕಿಕೊಂಡು ಬಂದಿದ್ದ. ಮುಚ್ಚಳದ ಮೇಲೆ ಧೂಳೆಬ್ಬಿಸಿ ಓಡುವ ಕಾರಿನ ಚಿತ್ರ. ಒಳಗೆ ಕಾರೇ ಇಲ್ಲ. ಗೊನೆಗೆ ಕಾಯಿ ಕಚ್ಚಿಕೊಂಡಂತೆ ಪ್ಲಾಸ್ಟಿಕ್ ಕಡ್ಡಿಗಳಿಗೆ ಅಂಟಿಕೊಂಡ ನೂರೆಂಟು ತುಂಡುಗಳು, ಸ್ಕ್ರೂಗಳ ಪೊಟ್ಟಣ, ಒಂದು ಪುಸ್ತಕ. ಅಜ್ಜಿ ಇಣುಕಿ ನೋಡಿ, “ಅಯ್ಯೋ, ವಿಮಾನದಲ್ಲೇ ಒಡೆದು ಹೋಯಿತಲ್ಲೋ” ಎಂದು ಮಾವನಿಗಾಗಿ ಮರುಗಿದಳು.

ಆ ಪುಸ್ತಕ ಇವತ್ತಿಗೂ ನನ್ನಲ್ಲಿದೆ. ಪ್ರತಿ ತುಂಡಿಗೂ ಅಕ್ಷರ, ಅಂಕಿ. ಪ್ರತಿ ಸ್ಕ್ರೂವಿಗೂ ಅದರ ನಿಜ ಗಾತ್ರದ ಚಿತ್ರ. ಕೈಯಲ್ಲಿರುವ ಸ್ಕ್ರೂವನ್ನು ಚಿತ್ರದ ಮೇಲಿಟ್ಟು ತಾಳೆ ನೋಡಿದರಾಯಿತು, ಭಾಷೆಯೇ ಬೇಡ. ಕಟ್ಟುವುದು ಹೇಗೆಂದು ಹೇಳುವ ಪುಸ್ತಕ ಬಿಚ್ಚುವುದು ಹೇಗೆಂದೂ ಹೇಳಿಬಿಟ್ಟಿರುತ್ತದೆ, ಹಿಂದಿನ ಪುಟದಿಂದ ಓದಿಕೊಂಡು ಬರಬೇಕಷ್ಟೆ. ‘ತೆರೆದರೆ ಗ್ಯಾರಂಟಿ ಇಲ್ಲ’ ಎಂದು ಗದರಿಸುವ ಈಗಿನ ವಸ್ತುಗಳಿಗೆ ಈ ಔದಾರ್ಯ ಎಲ್ಲಿಂದ ಬರಬೇಕು!

ಈ ಬಗ್ಗಿ ಹೊಸಬರಿಗೆಂದೇ ಮಾಡಿದ ಅಗ್ಗದ ಗಾಡಿ. ಮೋಟಾರು ಸಣ್ಣದು, 380 ಅಂಕಿಯದು. ಹಿಂಬದಿಯಲ್ಲಿ ಮೋಟಾರು, ಗಿಯರ್ ಪೆಟ್ಟಿಗೆ, ಅಚ್ಚು ಮೂರೂ ಒಂದೇ ಗಂಟಾಗಿ ಮೇಲೆ ಕೆಳಗೆ ತೂಗುತ್ತವೆ. ಸ್ಪ್ರಿಂಗುಗಳಿವೆ, ಆದರೆ ಅವುಗಳ ಕುಣಿತವನ್ನು ತಡೆಯುವ ಎಣ್ಣೆಯ ಡ್ಯಾಂಪರ್ ಇಲ್ಲ. ಹಾಗಾಗಿ ಒಮ್ಮೆ ಎಗರಿದ ಗಾಡಿ ಎಗರುತ್ತಲೇ ಇರುತ್ತದೆ. ಅಂಗಳದಲ್ಲಿ ಒಣಹಾಕಿದ ಅಡಿಕೆಯ ಮೇಲೆ ಅದನ್ನು ಬಿಟ್ಟಾಗ ನೋಡಬೇಕಿತ್ತು: ಗಾಡಿ ಒಂದು ಕಡೆ, ಅಡಿಕೆ ನಾಲ್ಕು ಕಡೆ, ಅಜ್ಜಿಯ ಬೈಗುಳ ಎಲ್ಲ ಕಡೆ.

ಎಷ್ಟೋ ವರ್ಷಗಳ ಮೇಲೆ ಗಾಡಿಯನ್ನು ಅಟ್ಟದಿಂದ ಇಳಿಸಿದಾಗ ಟೈರುಗಳು ಬಿರುಕುಬಿಟ್ಟಿದ್ದವು. ಬಿಳಿ ಮೈ ಹಳದಿಗಟ್ಟಿತ್ತು. ವೇಗ ನಿಯಂತ್ರಕದ ತಾಮ್ರದ ತುದಿಗಳು ಸುಟ್ಟು ಕಪ್ಪಾಗಿದ್ದವು. ಆ ಕಾಲದ ನಿಯಂತ್ರಕವೋ ವಿಚಿತ್ರ ದುಂದುಗಾರ: ನಿಧಾನ ಹೋಗು ಎಂದರೆ ಉಳಿದ ವಿದ್ಯುತ್ತನ್ನು ಒಂದು ರೆಸಿಸ್ಟರಿಗೆ ಹರಿಸಿ ಬಿಸಿ ಮಾಡಿ ಕಳೆಯುತ್ತಿತ್ತು. ಮೆಲ್ಲಗೆ ಓಡಿಸಿದಷ್ಟೂ ಕೈ ಸುಡುವ ಗಾಡಿ!

ಅದೃಷ್ಟವೆಂದರೆ 2005ರಲ್ಲಿ ಕಂಪನಿ ಇದೇ ಮಾದರಿಯನ್ನು ಮರುಬಿಡುಗಡೆ ಮಾಡಿತು. ಅದರಿಂದಾಗಿ ಹಳೆಯ ಗಾಡಿಗಳಿಗೂ ಭಾಗಗಳು ಸಿಗುವಂತಾಯಿತು. ಟೈರು ಬಂತು. ಬುಷ್ ಇದ್ದ ಕಡೆ 1150 ಬೇರಿಂಗ್ ಕೂತಿತು: ಒಳಗೆ 5, ಹೊರಗೆ 11, ದಪ್ಪ 4 ಮಿಲಿಮೀಟರ್. 27 ಮೆಗಾಹರ್ಟ್ಸ್ ರೇಡಿಯೋದ ಜಾಗಕ್ಕೆ 2.4 ಗಿಗಾಹರ್ಟ್ಸಿನದು, ಸುಟ್ಟ ನಿಯಂತ್ರಕದ ಬದಲು ಎಲೆಕ್ಟ್ರಾನಿಕ್ ಒಂದು. ಪ್ಲಾಸ್ಟಿಕ್ಕಿಗೆ ಸ್ಕ್ರೂ ಮರಳಿ ಹಾಕುವುದರಲ್ಲೂ ಒಂದು ಗುಟ್ಟಿದೆ. ಮೊದಲು ಹಿಮ್ಮುಖ ತಿರುಗಿಸಬೇಕು. ‘ಟಕ್’ ಎಂದು ಹಳೆಯ ಸುರುಳಿ ಮರೆಗೆ ಬಿದ್ದದ್ದು ಬೆರಳಿಗೆ ತಿಳಿದ ಮೇಲೆ ಬಿಗಿಯಬೇಕು. ಆತುರಪಟ್ಟರೆ ಹೊಸ ಮರೆ ಕೊರೆದು ಎರಡೂ ಕೆಡುತ್ತವೆ.

ಹಳದಿ ತೆಗೆಯಲು ಹೈಡ್ರೋಜನ್ ಪೆರಾಕ್ಸೈಡ್ ಬಳಿದು ಬಿಸಿಲಿಗಿಡುತ್ತಾರೆ. ಹಳದಿ ಮಾಡಿದ್ದೂ ಬಿಸಿಲು, ಬಿಳಿ ಮಾಡುವುದೂ ಬಿಸಿಲು. ಅದಕ್ಕೆ ತಯಾರಿ ನಡೆಸಿದ್ದಾಗ ದೊಡ್ಡಮ್ಮನ ಮಗ ತಡೆದ. ಈಗ ಬ್ಯಾಂಕಿನಲ್ಲಿ ದೊಡ್ಡ ಸಾಹೇಬ. “ಬೇಕಾದರೆ ಬೆಳ್ಳಗೆ ಮಾಡು. ಆದರೆ ಮೂತಿಯ ಆ ಬಿರುಕು ಬದಲಿಸಬೇಡ, ಬಾವಿಕಟ್ಟೆಯಿಂದ ಹಾರಿಸಿದ್ದು ನಾನು” ಎಂದ. ಅವನ ದನಿಯಲ್ಲಿ ಶಾಸನ ಹಾಕಿಸಿದವನ ಗತ್ತಿತ್ತು. ಯೋಚಿಸಿದರೆ ಅವನ ಮಾತು ನಿಜ. ಇಷ್ಟು ವರ್ಷ ಸರಿಯಾಗಿ ತಿರುಗಿದ ಗಿಯರಿನ ನೆನಪು ಯಾರಿಗೂ ಇಲ್ಲ; ಒಡೆದ ಮೂತಿಯ ಬಗ್ಗೆ ಮನೆಮಂದಿಗೆಲ್ಲ ಒಂದೊಂದು ಕತೆ ಗೊತ್ತು.

ಇಂಥ ಹಳೆಯ ಗಾಡಿಗಳ ಹವ್ಯಾಸಿಗಳಲ್ಲಿ ಎರಡು ಪಂಥ. ಒಂದರ ಗಾಡಿಗಳು ‘ಶೆಲ್ಫ್ ಕ್ವೀನ್’: ಧೂಳು ಒರೆಸಿಕೊಂಡು ಕಪಾಟಿನಲ್ಲಿ ಕೂರುವ ರಾಣಿಯರು. ಅಲ್ಲಿ ಮರುಬಿಡುಗಡೆಯ ಒಂದು ಸ್ಕ್ರೂ ಸೇರಿದರೂ ಮಡಿ ಕೆಟ್ಟಿತು. ಇನ್ನೊಂದರವು ‘ರನ್ನರ್’, ಓಡುವುದಾದರೆ ಏನು ಬೇಕಾದರೂ ಹಾಕಬಹುದು. ನಾನು ಎರಡನೆಯದಕ್ಕೇ ಸೇರಿದವನು ಅಂದುಕೊಂಡಿದ್ದೆ, ಎಣ್ಣೆಯ ಡ್ಯಾಂಪರ್ ಜೋಡಿ ಕೈಗೆ ಬರುವವರೆಗೆ. ಹಾಕಿದರೆ ಗಾಡಿ ನೆಲಕ್ಕೆ ಅಂಟಿಕೊಂಡು ಓಡುತ್ತದೆ, ತಿರುವಿನಲ್ಲಿ ಮಗುಚುವುದು ಕಡಿಮೆ. ಎಲ್ಲ ರೀತಿಯಲ್ಲೂ ಒಳ್ಳೆಯ ಭಾಗ. ಅದಕ್ಕೇ ಬೇಡವೆನಿಸಿತು. ಬೇರಿಂಗ್ ಹಾಕಿದಾಗ, ರೇಡಿಯೋ ಬದಲಿಸಿದಾಗ ಗಾಡಿ ತನ್ನ ಕೆಲಸವನ್ನೇ ಇನ್ನೂ ಚೆನ್ನಾಗಿ ಮಾಡಿತು. ಡ್ಯಾಂಪರ್ ಹಾಕಿದರೆ ಬೇರೆ ಗಾಡಿಯ ಕೆಲಸ ಕಲಿಯುತ್ತದೆ. ಸವೆದದ್ದನ್ನು ಬದಲಿಸುವುದು ದುರಸ್ತಿ. ಸ್ವಭಾವವನ್ನೇ ತಿದ್ದಹೊರಡುವುದು ಮದುವೆಯಾದ ಹೊಸದರಲ್ಲಿ ಎಲ್ಲರೂ ಕೈಹಾಕಿ ಸೋಲುವ ಕೆಲಸ.

ಡ್ಯಾಂಪರ್ ಡಬ್ಬಿಯಲ್ಲೇ ಉಳಿಯಿತು. ಅದರ ಜೊತೆಗೆ ಬಿಚ್ಚಿ ತೆಗೆದ ಭಾಗಗಳೂ ಇವೆ, ಒಂದನ್ನೂ ಎಸೆದಿಲ್ಲ. ಬ್ಯಾಂಕಿನ ಸಾಹೇಬನ ಕಣ್ಣು ಈಗ ಆ ಡಬ್ಬಿಯ ಮೇಲೆ. ಇನ್ನಷ್ಟು ಭಾಗ ಬದಲಾದರೆ ತೆಗೆದವನ್ನೇ ಜೋಡಿಸಿ ತನ್ನದೊಂದು ಬಗ್ಗಿ ಕಟ್ಟುತ್ತಾನಂತೆ, ಅಸಲಿ ಅದೇ ಅಂತೆ. ಕಟ್ಟಲಿ. ಎರಡನ್ನೂ ಅಂಗಳಕ್ಕೆ ಬಿಡೋಣ, ಅಡಿಕೆ ಒಣಹಾಕಿದ ದಿನವೇ ಬಿಡೋಣ. ಯಾವುದು ಹೆಚ್ಚು ಕುಪ್ಪಳಿಸುತ್ತದೋ ಅದು ಅಸಲಿ.