ಭುಜದ ನೋವಿಗೆ ಯಾರು ಹೊಣೆ?

ನನ್ನ ಅಣ್ಣ ಬಿದರಿ ಕುಶಲಕರ್ಮಿ. ಚಿದ್ರಿಯ ನಮ್ಮ ಮನೆಯಲ್ಲಿ ಬೆಳಗಿನಿಂದ ಸಂಜೆವರೆಗೂ ಅವರ ಸುತ್ತಿಗೆಯ ಸದ್ದು ಕೇಳುತ್ತಿತ್ತು. 2021ರ ಬೇಸಿಗೆಯಲ್ಲಿ ಆ ಸದ್ದು ನಿಂತುಹೋಯಿತು.

ಉಚಿತ ಶಿಬಿರವೊಂದರಲ್ಲಿ ಅವರು ಕೋವಿಡ್ ಲಸಿಕೆ ಹಾಕಿಸಿಕೊಂಡಿದ್ದರು. ಸೂಜಿ ಎಡತೋಳಿನ ತೀರಾ ಮೇಲ್ಭಾಗದಲ್ಲಿ, ಭುಜದ ಮೂಳೆಯ ಹತ್ತಿರವೇ ಇಳಿದಿತ್ತು. ಜ್ವರ ಎರಡು ದಿನಕ್ಕೆ ಬಿಟ್ಟಿತು. ಭುಜದ ನೋವು ಬಿಡಲಿಲ್ಲ. ಉಳಿ ಹಿಡಿಯುವ ಕೈ ಮೇಲೇಳದಾಯಿತು. ಸ್ನಾಯುವಿಗೆ ಹೋಗಬೇಕಾದ ಮದ್ದು ಕೀಲಿನ ಬಳಿ ಸೇರಿದರೆ ಹೀಗಾಗುವುದುಂಟು, ಇದು ಲಸಿಕೆಯ ದೋಷವಲ್ಲ, ಚುಚ್ಚಿದ ಜಾಗದ ದೋಷ ಎಂದರು ಮೂಳೆ ವೈದ್ಯರು.

ಪರಿಹಾರ ಕೇಳೋಣವೆಂದು ವಕೀಲರ ಬಳಿ ಹೋದೆವು.

"ಲಸಿಕೆಗೆ ದುಡ್ಡು ಕೊಟ್ಟಿದ್ದಿರಾ?"

"ಇಲ್ಲ ಸಾಹೇಬರೇ, ಪುಕ್ಕಟೆ."

"ಹಾಗಾದರೆ ಗ್ರಾಹಕರ ವೇದಿಕೆಗೆ ಹೋಗುವುದು ಕಷ್ಟ."

ಎಲ್ಲರಿಗೂ ಉಚಿತವಾಗಿ ನೀಡುವ ಸರಕಾರಿ ಆಸ್ಪತ್ರೆಯ ಸೇವೆ ಗ್ರಾಹಕ ಕಾನೂನಿನೊಳಗೆ ಬರುವುದಿಲ್ಲವೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. ಉಳಿದದ್ದು ಸಿವಿಲ್ ದಾವೆ. ಅಲ್ಲಿ ಚುಚ್ಚಿದವರ ನಿರ್ಲಕ್ಷ್ಯವನ್ನು ನಾವೇ ಸಾಬೀತುಪಡಿಸಬೇಕು. ಅಣ್ಣನಿಗೆ ಸಕ್ಕರೆ ಕಾಯಿಲೆಯಿದೆ. ಅದರಿಂದಲೂ ಭುಜ ಬಿಗಿಯುತ್ತದೆ. ನೋವು ಯಾವಾಗ ಶುರುವಾಯಿತೆಂದು ಬರೆಸಿದ ಒಂದು ಚೀಟಿಯೂ ನಮ್ಮಲ್ಲಿರಲಿಲ್ಲ. ದಾವೆಯ ಖರ್ಚು ಕೇಳಿ ಅಣ್ಣ ಎದ್ದು ಬಂದರು.

ಅಮೆರಿಕದಲ್ಲಿ 1986ರ ಕಾನೂನೊಂದಿದೆ. ಪ್ರತಿ ಡೋಸಿನ ಮೇಲೆ ಹಾಕುವ ತೆರಿಗೆಯಿಂದ ಕೂಡಿಸಿದ ನಿಧಿಯಿಂದ ಪರಿಹಾರ ಕೊಡುತ್ತಾರೆ. ಭುಜದ ಗಾಯ 2017ರಲ್ಲಿ ಅದರ ಪಟ್ಟಿಗೆ ಸೇರಿತು. ಫ್ಲೂ ಮುಂತಾದ ಲಸಿಕೆಗಳ ನಂತರ 48 ಗಂಟೆಯೊಳಗೆ ಭುಜನೋವು ಶುರುವಾಗಿ ಆರು ತಿಂಗಳಿಗೂ ಹೆಚ್ಚು ಕಾಡಿದರೆ, ಬೇರೆ ಕಾರಣವಿಲ್ಲದಿದ್ದರೆ, ಯಾರ ತಪ್ಪೆಂದು ಸಾಬೀತುಪಡಿಸದೆಯೇ ಪರಿಹಾರ ಕೇಳಬಹುದು. ಕೋವಿಡ್ ಲಸಿಕೆಯನ್ನು ಮಾತ್ರ ಅಲ್ಲಿಯೂ ಬೇರೆಯೇ, ಬಿಗಿಯಾದ ವ್ಯವಸ್ಥೆಗೆ ಸೇರಿಸಿದರು. ನಮ್ಮ ಕೇಂದ್ರ ಸರಕಾರವಾದರೋ, ಲಸಿಕೆಯ ನಂತರ ಮಕ್ಕಳನ್ನು ಕಳೆದುಕೊಂಡ ಪೋಷಕರ ಪ್ರಕರಣದಲ್ಲಿ, ಪರಿಹಾರ ಬೇಕಿದ್ದವರು ಸಿವಿಲ್ ನ್ಯಾಯಾಲಯಕ್ಕೆ ಹೋಗಬಹುದೆಂದು 2022ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತು.

ಪರಿಹಾರ ಕೇಳುವುದೆಂದರೆ ಲಸಿಕೆಯನ್ನು ವಿರೋಧಿಸುವುದಲ್ಲ. ಎಲ್ಲರ ಒಳಿತಿಗಾಗಿ ತೋಳೊಡ್ಡಿ ಎಂದು ಕರೆದ ಸಮಾಜ, ಲಕ್ಷದಲ್ಲೊಬ್ಬನಿಗೆ ನೋವಾದಾಗ ಅವನನ್ನು ಒಂಟಿಯಾಗಿ ಕೋರ್ಟಿನ ಮೆಟ್ಟಿಲಿಗೆ ಕಳಿಸಬಾರದು ಎಂಬುದಷ್ಟೇ ನನ್ನ ಮಾತು. ಓದುಗರಲ್ಲಿ ಒಂದು ವಿನಂತಿ: ಚುಚ್ಚಿದ ದಿನ, ತೋಳು, ನೋವು ಶುರುವಾದ ಹೊತ್ತನ್ನು ಬರೆದಿಡಿ, ವೈದ್ಯರಿಂದಲೂ ಬರೆಸಿಕೊಳ್ಳಿ.

ವ್ಯಾಯಾಮದಿಂದ ಅಣ್ಣನ ಕೈ ನಿಧಾನಕ್ಕೆ ಸಡಿಲವಾಯಿತು. ಎರಡನೇ ಡೋಸಿಗೂ ಅವರು ಹೋದರು. ಭುಜದ ಮೂಳೆಯ ಕೆಳಗೆ ಮೂರು ಬೆರಳಿಟ್ಟು ತೋರಿಸಿ, "ಇಲ್ಲಿ ಹಾಕಮ್ಮಾ, ಈ ಕೈ ಅನ್ನ ಕೊಡುತ್ತದೆ" ಎಂದರಂತೆ.